ಬ್ಯಾಲಾಸ್ಟ್ ಹೊಸದು, ಆದರೂ ಹೆಡ್‌ಲೈಟ್ ಆರುತ್ತದೆ: ಎಲ್ಲಿ ಹುಡುಕಬೇಕು?

"ಲೈಟು ಮತ್ತೆ ಹೋತು."

ಜುಲೈ ತಿಂಗಳ ರಾತ್ರಿ. ಶಿರಸಿಯ ಭಾವ ದೇವಿಮನೆ ಘಟ್ಟ ಇಳಿದು, ಕತಗಾಲದಲ್ಲಿ ಗಾಡಿ ನಿಲ್ಲಿಸಿ ಫೋನ್ ಮಾಡಿದ್ದ. ಹೊರಗೆ ಸುರಿಯುವ ಮಳೆ, ಘಟ್ಟದಲ್ಲಿ ಮಂಜು, ಬಲಗಡೆಯ ಹೆಡ್‌ಲೈಟ್ ತಿರುವಿನ ನಡುವೆಯೇ ಆರಿದೆ. ಅದು ಮೂರನೇ ಸಲ. ಅಷ್ಟರಲ್ಲಿ ಅವನು ಎರಡು ಬ್ಯಾಲಾಸ್ಟ್ (ಝೆನಾನ್ ಬಲ್ಬಿಗೆ ಬೇಕಾದ ಕರೆಂಟ್ ಕೊಡುವ ಡಬ್ಬಿ) ಬದಲಿಸಿ ಆಗಿತ್ತು. ಎರಡಕ್ಕೂ ದುಡ್ಡು ಕೊಟ್ಟಿದ್ದ, ಎರಡೂ ಸರಿಯಾಗಿಯೇ ಇದ್ದವು. ತಪ್ಪು ಬೇರೆ ಕಡೆ ಇತ್ತು. ಅದನ್ನು ಹೇಗೆ ಹಿಡಿದೆವು ಅಂತ ಬರೆಯುತ್ತಿದ್ದೇನೆ, ಯಾಕೆಂದರೆ ಕರಾವಳಿಯಲ್ಲಿ ಓಡುವ ಗಾಡಿಗಳಲ್ಲಿ ಇದೇ ಕತೆ ಮತ್ತೆ ಮತ್ತೆ ನೋಡಿದ್ದೇನೆ.

ಮೊದಲು ಗಾಡಿಯ ವಿಷಯ. ಹಳೆಯ ಸೆಡಾನ್, ಕಂಪನಿಯಿಂದಲೇ ಝೆನಾನ್ ಪ್ರೊಜೆಕ್ಟರ್ ಲೈಟ್ ಬಂದಿದೆ, ಬಲ್ಬು ಡಿ2ಎಸ್ ಮಾದರಿಯದು. ಭಾವ ಕೊಳ್ಳುವ ಮೊದಲು ಆ ಕಾರು ಕಾರವಾರದಲ್ಲೇ ಇತ್ತು, ಸಮುದ್ರಕ್ಕೆ ಮುಖ ಮಾಡಿ ಬಯಲಿನಲ್ಲೇ ನಿಲ್ಲುತ್ತಿತ್ತು. ಹೆಡ್‌ಲೈಟಿನ ಹಿಂದಿನ ಮುಚ್ಚಳದ ರಬ್ಬರ್ ಬಿರುಸಾಗಿ ನೀರು ಒಳಗೆ ಹೋಗಿ ಬಲಗಡೆಯ ಮೂಲ ಬ್ಯಾಲಾಸ್ಟ್ ಸತ್ತಿತು. ಕಂಪನಿಯ ಬ್ಯಾಲಾಸ್ಟಿಗೆ ಹೇಳಿದ ಬೆಲೆ ಕೈಗೆ ಎಟುಕುವ ಹಾಗಿರಲಿಲ್ಲ. ಹಾಗಾಗಿ ಹುಬ್ಬಳ್ಳಿಯಿಂದ ಹೊರಗಿನ 35 ವ್ಯಾಟ್ ಬ್ಯಾಲಾಸ್ಟ್ ತರಿಸಿ ಕಂಪನಿ ವಯರಿಂಗಿಗೆ ಸೇರಿಸಿದರು.

ಲಕ್ಷಣ ಹೀಗಿತ್ತು. ಎಂಜಿನ್ ಓಡುವಾಗ ಲೈಟ್ ಹಾಕಿದರೆ ಹತ್ತುತ್ತದೆ. ಎಂಜಿನ್ ಆಫ್ ಇದ್ದಾಗ ಹಾಕಿದರೆ ಟಿಕ್ ಟಿಕ್ ಅಂದು, ಒಮ್ಮೆ ಮಿಂಚಿ, ಆರುತ್ತದೆ. ಓಡಿಸುವಾಗ ಎಲ್ಲ ಚೆನ್ನಾಗಿರುತ್ತದೆ, ಆದರೆ ಮಳೆಯಲ್ಲಿ ವೈಪರ್, ಬ್ಲೋಅರ್, ಹಿಂದಿನ ಡಿಫಾಗರ್ ಎಲ್ಲ ಒಟ್ಟಿಗೆ ಓಡುತ್ತಿರುವಾಗ, ಘಟ್ಟದ ಹೊಂಡಕ್ಕೆ ಚಕ್ರ ಬಿದ್ದ ಕೂಡಲೇ ಲೈಟ್ ಹೋಗುತ್ತದೆ. ಸ್ವಿಚ್ ಆಫ್ ಮಾಡಿ ಹಾಕಿದರೆ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಇಲ್ಲ. ಇನ್ನೊಂದು ಸಣ್ಣ ವಿಷಯ ಭಾವ ಮಾತಿನ ನಡುವೆ ಸುಮ್ನೆ ಹೇಳಿದ: ಬಲಗಡೆ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಕೂಡ ಅದರ ಜೊತೆಗೇ ಸ್ವಲ್ಪ ನಡುಗುತ್ತದೆ. ಈ ಒಂದು ಮಾತಿನಲ್ಲೇ ಉತ್ತರ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಬ್ಯಾಲಾಸ್ಟಿನ ಹಸಿವು

ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಝೆನಾನ್ ಬಲ್ಬಿನಲ್ಲಿ ಹ್ಯಾಲೊಜನ್ನಿನ ಹಾಗೆ ತಂತಿ ಇಲ್ಲ. ಎರಡು ತುದಿಗಳ ನಡುವೆ ಅನಿಲದಲ್ಲಿ ಕಿಡಿ ಹಾರಬೇಕು. ಅದಕ್ಕೆ ಬ್ಯಾಲಾಸ್ಟ್ ಬ್ಯಾಟರಿಯ 12 ವೋಲ್ಟನ್ನು ಒಂದು ಕ್ಷಣ 20,000 ವೋಲ್ಟಿಗಿಂತ ಮೇಲೆ ಏರಿಸುತ್ತದೆ. ಕಿಡಿ ಹತ್ತಿದ ಮೇಲೆ ಡಿ2ಎಸ್ ಬಲ್ಬು ಸುಮಾರು 85 ವೋಲ್ಟಿನಲ್ಲಿ ಉರಿಯುತ್ತದೆ. ಆದರೆ ತಣ್ಣಗಿರುವ ಬಲ್ಬು ಬೇಗ ಪೂರ್ತಿ ಬೆಳಕಿಗೆ ಬರಲಿ ಅಂತ ಮೊದಲ ಕೆಲವು ಸೆಕೆಂಡು ಬ್ಯಾಲಾಸ್ಟ್ ಅದಕ್ಕೆ 35ರ ಬದಲು ಸುಮಾರು ಎರಡು ಪಟ್ಟು ವ್ಯಾಟ್ ಕೊಡುತ್ತದೆ. ಹಾಗಾಗಿ ಬಿಸಿಯಾಗಿ ನಿಂತ ಮೇಲೆ 3ರಿಂದ 3.5 ಆಂಪಿಯರ್ ಎಳೆಯುವ ಡಬ್ಬಿ, ಶುರುವಿನಲ್ಲಿ 8 ಆಂಪಿಯರ್ ಆಸುಪಾಸು ಎಳೆಯುತ್ತದೆ. ಅಗ್ಗದವು ಇನ್ನೂ ಜಾಸ್ತಿ ಎಳೆಯುತ್ತವೆ.

ಇಲ್ಲಿ ಹ್ಯಾಲೊಜನ್ನಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಹ್ಯಾಲೊಜನ್ನಿಗೆ ವೋಲ್ಟೇಜ್ ಕಡಿಮೆ ಬಂದರೆ ಅದು ಮಂಕಾಗುತ್ತದೆ, ಕರೆಂಟೂ ಕಡಿಮೆ ಎಳೆಯುತ್ತದೆ. ಬ್ಯಾಲಾಸ್ಟ್ ಹಾಗಲ್ಲ. ಬಲ್ಬಿಗೆ ಕೊಡಬೇಕಾದ ವ್ಯಾಟ್ ಕೊಟ್ಟೇ ತೀರಬೇಕು ಅಂತ ಅದು ವೋಲ್ಟೇಜ್ ಕಡಿಮೆಯಾದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತದೆ. ಹೆಚ್ಚು ಕರೆಂಟ್ ಹರಿದರೆ ಕೆಟ್ಟ ಜಾಯಿಂಟಿನಲ್ಲಿ ಇನ್ನೂ ಹೆಚ್ಚು ವೋಲ್ಟ್ ಕಳೆದುಹೋಗುತ್ತದೆ. ಆಗ ಅದು ಮತ್ತೂ ಎಳೆಯುತ್ತದೆ. ಹೀಗೆ ಒಂದಕ್ಕೊಂದು ಸೇರಿ ಸುಮಾರು 9 ವೋಲ್ಟಿಗಿಂತ ಕೆಳಗೆ ಬಂದಾಗ ಬ್ಯಾಲಾಸ್ಟ್ ತನ್ನನ್ನು ಕಾಪಾಡಿಕೊಳ್ಳಲು ಕೈಬಿಡುತ್ತದೆ. ಲೈಟ್ ಮಂಕಾಗುವುದಿಲ್ಲ, ಒಮ್ಮೆಗೇ ಆರುತ್ತದೆ. ಅದಕ್ಕೇ ಎಲ್ಲರೂ ಬ್ಯಾಲಾಸ್ಟನ್ನೇ ಬೈಯುವುದು.

ಮೊದಲು ಖರ್ಚಿಲ್ಲದ ಪರೀಕ್ಷೆ

ಕೈ ಹಾಕುವ ಮೊದಲು ಒಂದು ಮಾತು. ಲೈಟ್ ಉರಿಯುವಾಗ ಬಲ್ಬಿನ ಕಡೆಯ ದಪ್ಪ ವಯರು, ಕ್ಯಾಪು ಯಾವುದನ್ನೂ ಮುಟ್ಟಬೇಡಿ. ಆ 20,000 ವೋಲ್ಟ್ ಆಟದ ವಸ್ತು ಅಲ್ಲ. ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಐದು ಹತ್ತು ನಿಮಿಷ ಬಿಟ್ಟು ಆಮೇಲೆ ಬಿಚ್ಚಿ. ಒದ್ದೆ ಕೈ, ಒದ್ದೆ ನೆಲ ಇದ್ದರೆ ಆವತ್ತು ಬೇಡವೇ ಬೇಡ. ಬಲ್ಬಿನ ಗಾಜಿಗೆ ಬೆರಳು ತಾಗಿಸಬೇಡಿ, ಉರಿಯುವ ಬರಿ ಬಲ್ಬನ್ನು ಕಣ್ಣಿಟ್ಟು ನೋಡಬೇಡಿ.

ಈಗ ಅದಲು ಬದಲು. ಎಡ ಬಲ್ಬನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ದೋಷ ಬಲ್ಬಿನ ಜೊತೆ ಎಡಕ್ಕೆ ಹೋದರೆ ಬಲ್ಬು ಮುಗಿದಿದೆ. ವಯಸ್ಸಾದ ಝೆನಾನ್ ಬಲ್ಬಿನ ಬೆಳಕು ಗುಲಾಬಿ ಅಥವಾ ನೇರಳೆ ಕಡೆ ತಿರುಗುತ್ತದೆ, ಹತ್ತಿ ಬಿಸಿಯಾದ ಮೇಲೆ ಆರುತ್ತದೆ, ಆಫ್ ಮಾಡಿ ಹಾಕಿದರೆ ಮತ್ತೆ ಬರುತ್ತದೆ. ಇದು ವಯರಿಂಗ್ ದೋಷದ ಹಾಗೇ ಕಾಣುವುದರಿಂದ ಮೊದಲೇ ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ಹಾಗೆಯೇ ಬ್ಯಾಲಾಸ್ಟನ್ನೂ ಅದಲು ಬದಲು ಮಾಡಿ. ನಮ್ಮದರಲ್ಲಿ ಏನು ಬದಲಿಸಿದರೂ ದೋಷ ಬಲಗಡೆಯೇ ಉಳಿಯಿತು. ಅಂದರೆ ಬಲ್ಬೂ ಅಲ್ಲ, ಬ್ಯಾಲಾಸ್ಟೂ ಅಲ್ಲ. ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಎರಡನೇ ಬ್ಯಾಲಾಸ್ಟ್ ಕೊಳ್ಳುವ ಮೊದಲು ಯಾರಾದರೂ ಇದನ್ನು ಮಾಡಿದ್ದರೆ ಭಾವನ ದುಡ್ಡು ಉಳಿಯುತ್ತಿತ್ತು.

ಒಂದು ಎಚ್ಚರಿಕೆ. ಡಿ2ಎಸ್ ಮತ್ತು ಡಿ4ಎಸ್ ನೋಡಲು ಒಂದೇ ಥರ ಇರುತ್ತವೆ. ಆದರೆ ಡಿ4ಎಸ್‌ನಲ್ಲಿ ಪಾದರಸ ಇಲ್ಲ, ಅದು ಸುಮಾರು 42 ವೋಲ್ಟಿನಲ್ಲಿ ಉರಿಯುತ್ತದೆ, ಹಾಗಾಗಿ ಎಳೆಯುವ ಕರೆಂಟ್ ಹೆಚ್ಚು. ಡಿ1ಎಸ್ ಮತ್ತು ಡಿ3ಎಸ್ ನಡುವೆಯೂ ಇದೇ ವ್ಯತ್ಯಾಸ. ಬುಡದ ಕಿವಿ ಕೊರೆದು ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಬೇಡಿ. ಬಲ್ಬಿನ ಮೇಲೆ ಬರೆದದ್ದು, ಬ್ಯಾಲಾಸ್ಟಿನ ಮೇಲೆ ಬರೆದದ್ದು ಎರಡೂ ಒಂದೇ ಇರಬೇಕು.

ಟೆಸ್ಟ್ ಲ್ಯಾಂಪ್ ಯಾಕೆ ಸಾಲದು

ಭಾವ ಹೋದ ಕಡೆಯಲ್ಲೆಲ್ಲ ಒಂದೇ ಮಾತು ಹೇಳಿದ್ದರು: "ಸಪ್ಲೈ ಸರಿ ಇದೆ, ಬ್ಯಾಲಾಸ್ಟೇ ಹೋಗಿದೆ." ಅವರು ಪ್ಲಗ್ ಬಿಚ್ಚಿ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದ್ದರು, ಅದು ಚೆನ್ನಾಗಿ ಉರಿದಿತ್ತು. ಮೀಟರ್ ಇಟ್ಟವರಿಗೆ 12.4 ವೋಲ್ಟ್ ಸಿಕ್ಕಿತ್ತು. ಎರಡೂ ನಿಜವೇ. ಆದರೆ 5 ವ್ಯಾಟಿನ ಟೆಸ್ಟ್ ಲ್ಯಾಂಪ್ ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ, ಮೀಟರ್ ಎಳೆಯುವುದು ಏನೂ ಇಲ್ಲ ಅನ್ನಬಹುದು. ತುಕ್ಕು ಹಿಡಿದ ನಲ್ಲಿಯಲ್ಲಿ ನೀರು ಒಂದೊಂದೇ ಹನಿ ಬಂದರೂ ಲೋಟ ತುಂಬುತ್ತದೆ, ಅಲ್ವಾ? ಕೊಡ ಹಿಡಿದಾಗ ಮಾತ್ರ ಗೊತ್ತಾಗುತ್ತದೆ. ಲೋಡ್, ಅಂದರೆ ಕರೆಂಟ್ ಎಳೆಯುವ ವಸ್ತು, ಹಾಕದೆ ಅಳೆದರೆ ವಯರಿಂಗ್ ಯಾವತ್ತೂ ಸರಿಯಾಗಿಯೇ ಕಾಣುತ್ತದೆ.

ಹಾಗಾಗಿ ಲೋಡ್ ಹಾಕಿ. ಒಂದು ಹಳೆಯ 55 ವ್ಯಾಟಿನ ಹ್ಯಾಲೊಜನ್ ಬಲ್ಬು ತೆಗೆದುಕೊಳ್ಳಿ, ಗ್ಯಾರೇಜಿನಲ್ಲಿ ಎಲ್ಲಾದರೂ ಬಿದ್ದಿರುತ್ತದೆ. ಅದಕ್ಕೆ ಎರಡು ವಯರು ಹಾಕಿ ಬ್ಯಾಲಾಸ್ಟಿಗೆ ಬರುವ ಕಂಪನಿ ಪ್ಲಗ್ಗಿಗೆ ಸಿಕ್ಕಿಸಿ. ಬಲ್ಬು ಸುಡುತ್ತದೆ, ಟೈಲ್ಸ್ ತುಂಡಿನ ಮೇಲೆ ಇಡಿ, ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ. ಬ್ಯಾಟರಿ ಮತ್ತೆ ಸೇರಿಸಿ, ಎಂಜಿನ್ ಆಫ್ ಇಟ್ಟು ಹೆಡ್‌ಲೈಟ್ ಸ್ವಿಚ್ ಹಾಕಿ. ಮೀಟರ್ ಡಿಸಿ 20 ವೋಲ್ಟಿನಲ್ಲಿರಲಿ.

ಈಗ ಮೂರು ಅಳತೆ. ಬ್ಯಾಟರಿಯ ಎರಡು ಕಂಬಗಳ ನಡುವೆ ಎಷ್ಟು ಅಂತ ಒಂದು. ಆಮೇಲೆ ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪಾಸಿಟಿವ್ ಕಂಬಕ್ಕೆ, ಕಪ್ಪು ಕಡ್ಡಿ ಪ್ಲಗ್ಗಿನ ಪಾಸಿಟಿವ್ ಪಿನ್ನಿಗೆ. ಇಲ್ಲಿ ಬರುವುದು ಪಾಸಿಟಿವ್ ದಾರಿಯಲ್ಲಿ ಕಳೆದುಹೋದ ವೋಲ್ಟ್. ಕೊನೆಗೆ ಕೆಂಪು ಕಡ್ಡಿ ಪ್ಲಗ್ಗಿನ ಅರ್ತ್ ಪಿನ್ನಿಗೆ, ಕಪ್ಪು ಬ್ಯಾಟರಿ ನೆಗೆಟಿವ್ ಕಂಬಕ್ಕೆ. ಇದು ಅರ್ತ್ ದಾರಿಯಲ್ಲಿ, ಅಂದರೆ ಕರೆಂಟ್ ಗಾಡಿಯ ಬಾಡಿಯ ಮೂಲಕ ಬ್ಯಾಟರಿ ನೆಗೆಟಿವಿಗೆ ವಾಪಸ್ ಹೋಗುವ ದಾರಿಯಲ್ಲಿ, ಕಳೆದದ್ದು. ಕ್ಲ್ಯಾಂಪಿನ ಮೇಲೆ ಇಡಬೇಡಿ, ಸೀಸದ ಕಂಬದ ಮೇಲೇ ಇಡಿ, ಇಲ್ಲದಿದ್ದರೆ ಕ್ಲ್ಯಾಂಪಿನ ದೋಷ ಲೆಕ್ಕಕ್ಕೆ ಸಿಗುವುದಿಲ್ಲ. ಪಾಸಿಟಿವ್ ಕಡೆ ಅರ್ಧ ವೋಲ್ಟಿಗಿಂತ ಕಡಿಮೆ, ಅರ್ತ್ ಕಡೆ 0.2 ವೋಲ್ಟಿಗಿಂತ ಕಡಿಮೆ ಇದ್ದರೆ ನಾನು ವಯರಿಂಗ್ ಒಳ್ಳೆಯದು ಅನ್ನುತ್ತೇನೆ.

ನಮಗೆ ಸಿಕ್ಕಿದ್ದು: ಬ್ಯಾಟರಿ 12.3. ಪಾಸಿಟಿವ್ ಕಡೆ 0.3. ಅರ್ತ್ ಕಡೆ 1.6.

ಈ 1.6 ನೋಡಿದ ಕೂಡಲೇ ಲೆಕ್ಕ ಬಿಚ್ಚಿಕೊಂಡಿತು. ಬಲ್ಬಿಗೆ ಉಳಿದದ್ದು 10.4 ವೋಲ್ಟ್, ಹರಿಯುತ್ತಿದ್ದ ಕರೆಂಟ್ ಸುಮಾರು 4 ಆಂಪಿಯರ್. ಅಂದರೆ ಅರ್ತ್ ದಾರಿಯಲ್ಲಿ 0.4 ಓಮ್ ಅಡ್ಡ ಕೂತಿದೆ. ಬ್ಯಾಲಾಸ್ಟ್ ಶುರುವಿನಲ್ಲಿ 8 ಆಂಪಿಯರ್ ಎಳೆದರೆ ಅಲ್ಲಿ 3.2 ವೋಲ್ಟ್, ಪಾಸಿಟಿವ್ ಕಡೆ 0.6 ವೋಲ್ಟ್ ಹೋಗುತ್ತದೆ. 12.3ರಲ್ಲಿ 3.8 ಕಳೆದರೆ 8.5. ಬ್ಯಾಲಾಸ್ಟ್ ಕೈಬಿಡುತ್ತದೆ. ಎಂಜಿನ್ ಓಡುತ್ತಿದ್ದರೆ ಬ್ಯಾಟರಿ 14ರ ಮೇಲಿರುತ್ತದೆ, ಹತ್ತಕ್ಕಿಂತ ಹೆಚ್ಚು ಉಳಿಯುತ್ತದೆ, ಹತ್ತಿಕೊಳ್ಳುತ್ತದೆ. ವೈಪರ್, ಡಿಫಾಗರ್ ಎಲ್ಲ ಓಡಿ, ಎಂಜಿನ್ ನಿಧಾನಕ್ಕೆ ತಿರುಗುತ್ತಿದ್ದರೆ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತದೆ, ಆಗ ಒಂದು ಹೊಂಡ ಸಾಕು. ಇಂಡಿಕೇಟರಿನ ಗುಟ್ಟೂ ಇದೇ. 21 ವ್ಯಾಟಿನ ಇಂಡಿಕೇಟರ್ ಬಲ್ಬು ಅದೇ ಅರ್ತ್ ಬೋಲ್ಟಿಗೆ ಬರುತ್ತದೆ. ಅದು ಒಂದೊಂದು ಸಲ ಹತ್ತಿದಾಗಲೂ ಆ ಜಾಗದಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಮೇಲೆ ಕೆಳಗೆ ಆಗುತ್ತದೆ, ಹೆಡ್‌ಲೈಟ್ ನಡುಗುತ್ತದೆ. ಎರಡು ಲೈಟುಗಳು ಹೀಗೆ ಒಟ್ಟಿಗೆ ಕುಣಿದರೆ ಅವೆರಡೂ ಸೇರುವ ಅರ್ತನ್ನೇ ಮೊದಲು ಹುಡುಕಿ.

ಆ ಬೋಲ್ಟು

ಬಂಪರಿನ ಹಿಂದೆ, ಹೆಡ್‌ಲೈಟಿನ ಕೆಳಗೆ, ಬಾಡಿಗೆ ಬಿಗಿದ 10ರ ಬೋಲ್ಟು. ಮೇಲಿಂದ ನೋಡಿದರೆ ಏನೂ ತಪ್ಪು ಕಾಣಲಿಲ್ಲ, ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ವಾಷರಿನ ಕೆಳಗೆ ತುಕ್ಕಿನ ಪುಡಿ ಉದುರಿತು. ರಿಂಗ್ ಟರ್ಮಿನಲ್ ಹಸಿರು ತಿರುಗಿತ್ತು, ಹಳೆಯ ತಾಮ್ರದ ಹಂಡೆಯ ಅಂಚಿನಲ್ಲಿ ಕಟ್ಟುವ ಕಿಲುಬಿನ ಹಾಗೆ. ವಯರಿನ ಪ್ಲಾಸ್ಟಿಕ್ ಎರಡು ಇಂಚು ಸುಲಿದು ನೋಡಿದೆ, ಒಳಗಿನ ತಾಮ್ರವೂ ಕಪ್ಪು. ಕಿಲುಬು ವಯರಿನ ಒಳಗೇ ಹತ್ತಿಕೊಂಡು ಹೋಗಿತ್ತು. ಕಾರವಾರದ ಉಪ್ಪುಗಾಳಿ ಮಾಡುವ ಕೆಲಸ ಇದು. ಮಳೆ ಬಂದರೆ ತೊಳೆದು ಹೋಗುತ್ತದೆ ಅಂದುಕೊಳ್ಳುತ್ತೇವೆ, ಆದರೆ ವಾಷರಿನ ಸಂದಿಯಲ್ಲಿ ಕೂತ ಉಪ್ಪು ತೊಳೆಯುವುದಿಲ್ಲ, ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ವಯರನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿದೆವು. ನಾಲ್ಕು ಇಂಚು ಹೋಯಿತು. ಹೊಸ ವಯರಿನ ತುಂಡು ಜೋಡಿಸಿ, ತವರ ಲೇಪಿಸಿದ ಹೊಸ ರಿಂಗ್ ಟರ್ಮಿನಲನ್ನು ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿದೆವು. ಬರಿ ಸುತ್ತಿ ಟೇಪ್ ಹಾಕಿದ ಜಾಯಿಂಟ್ ಇಲ್ಲಿ ಒಂದು ಮಳೆಗಾಲ ಬಾಳುವುದಿಲ್ಲ, ಟೇಪಿನ ಒಳಗೇ ನೀರು ನಿಲ್ಲುತ್ತದೆ. ಬಾಡಿಯ ಜಾಗವನ್ನು ಪಾಲಿಶ್ ಪೇಪರಿನಿಂದ ಬಿಳಿ ಲೋಹ ಕಾಣುವ ತನಕ ತಿಕ್ಕಿ, ಹೊಸ ಬೋಲ್ಟು ಬಿಗಿದು, ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ದಪ್ಪಗೆ ಬಳಿದೆವು.

ಮತ್ತೆ ಅದೇ 55 ವ್ಯಾಟಿನ ಬಲ್ಬು, ಅದೇ ಅಳತೆ. ಅರ್ತ್ ಕಡೆ 0.05.

ಹೊರಗಿನ ಬ್ಯಾಲಾಸ್ಟನ್ನು ಕಂಪನಿ ಪ್ಲಗ್ಗಿಗೆ ಸೇರಿಸುವುದು

ಮೊದಲು ಸೇರಿಸಿದವರು ಕಂಪನಿಯ ಪ್ಲಗ್ ಕತ್ತರಿಸಿ ವಯರು ತಿರುಚಿ ಟೇಪ್ ಸುತ್ತಿದ್ದರು. ಇದನ್ನು ಮಾಡಬೇಡಿ. ಸತ್ತ ಮೂಲ ಬ್ಯಾಲಾಸ್ಟಿನ ಸಾಕೆಟ್ ಅಥವಾ ಅದಕ್ಕೆ ಹೊಂದುವ ಪ್ಲಗ್ ತಂದು, ಒಂದು ಗೇಣು ಉದ್ದದ ಅಡಾಪ್ಟರ್ ವಯರು ಮಾಡಿಕೊಳ್ಳಿ, ಒಂದು ತುದಿ ಕಂಪನಿ ಪ್ಲಗ್ಗಿಗೆ, ಇನ್ನೊಂದು ಬ್ಯಾಲಾಸ್ಟಿಗೆ. ನಾಳೆ ಮೂಲ ಬ್ಯಾಲಾಸ್ಟ್ ಸಿಕ್ಕರೆ ಬಿಚ್ಚಿ ಹಾಕಬಹುದು, ದೋಷ ಹುಡುಕುವಾಗಲೂ ಸುಲಭ.

ವಯರಿನ ಬಣ್ಣ ನಂಬಬೇಡಿ. ಜರ್ಮನ್ ಗಾಡಿಗಳಲ್ಲಿ ಅರ್ತ್ ವಯರು ಕಂದು ಬಣ್ಣದ್ದು, ಜಪಾನಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಕಪ್ಪು. ಹೊರಗಿನ ಬ್ಯಾಲಾಸ್ಟಿನಲ್ಲಿ ಸಾಮಾನ್ಯವಾಗಿ ಕಪ್ಪು ಅಂದರೆ ಅರ್ತ್. ಬಣ್ಣಕ್ಕೆ ಬಣ್ಣ ಸೇರಿಸಿ ಉಲ್ಟಾ ಕರೆಂಟ್ ಕೊಟ್ಟರೆ ಬ್ಯಾಲಾಸ್ಟ್ ಉಳಿಯುವ ಭರವಸೆ ಇಲ್ಲ. ಮೀಟರ್ ಇಟ್ಟು ಯಾವುದು ಪಾಸಿಟಿವ್ ಅಂತ ನೋಡಿಯೇ ಸೇರಿಸಿ. ಪ್ಲಗ್ಗಿನಲ್ಲಿ ಎರಡಕ್ಕಿಂತ ಹೆಚ್ಚು ವಯರು ಇದ್ದರೆ ಆ ಗಾಡಿಯ ವಯರಿಂಗ್ ಡಯಾಗ್ರಾಂ ಸಿಗುವ ತನಕ ಕಾಯಿರಿ.

ಈಗ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್. ಬ್ಯಾಲಾಸ್ಟ್ ಸಮಸ್ಯೆ ಅಂದ ಕೂಡಲೇ ಎಲ್ಲರೂ ಹೇಳುವುದು ರಿಲೇ ಹಾರ್ನೆಸ್ (ರಿಲೇ ಇರುವ ಬೇರೆ ವಯರಿನ ಕಟ್ಟು) ಹಾಕಿ ಅಂತ. ಭಾವನ ಗಾಡಿಗೆ ನಾನು ಹಾಕಲಿಲ್ಲ. ಕಂಪನಿಯಿಂದಲೇ ಝೆನಾನ್ ಬಂದ ಗಾಡಿ, ವಯರು ಅದಕ್ಕೆ ತಕ್ಕ ಹಾಗೇ ಇದೆ, ಪಾಸಿಟಿವ್ ಕಡೆ 0.3 ಮಾತ್ರ ಕಳೆಯುತ್ತಿತ್ತು. ಅರ್ತ್ ಸರಿ ಮಾಡದೆ ರಿಲೇ ಹಾಕಿ ಅದರ ಅರ್ತನ್ನು ಬ್ಯಾಟರಿಗೆ ಕೊಟ್ಟಿದ್ದರೆ ಹೆಡ್‌ಲೈಟ್ ಬರುತ್ತಿತ್ತು, ಆದರೆ ಕೆಟ್ಟ ಬೋಲ್ಟು ಅಲ್ಲೇ ಇರುತ್ತಿತ್ತು, ಮುಂದಿನ ಮಳೆಗಾಲಕ್ಕೆ ಇಂಡಿಕೇಟರ್, ಪಾರ್ಕಿಂಗ್ ಲೈಟ್ ಒಂದೊಂದೇ ಕೈಕೊಡುತ್ತಿದ್ದವು.

ಪಾಸಿಟಿವ್ ಕಡೆ ಒಂದು ವೋಲ್ಟಿನ ಹತ್ತಿರ ಕಳೆಯುತ್ತಿದ್ದರೆ, ಜಾಯಿಂಟ್, ಫ್ಯೂಸ್, ಸ್ವಿಚ್ ಎಲ್ಲ ನೋಡಿದ ಮೇಲೂ ಸರಿಹೋಗದಿದ್ದರೆ ಮಾತ್ರ ರಿಲೇ ಹಾಕಿ. ಆಗ 2.5 ಚದರ ಮಿಲಿಮೀಟರಿನ ವಯರು ಬ್ಯಾಟರಿಯಿಂದ ಫ್ಯೂಸ್ ದಾಟಿ ರಿಲೇಯ 30ನೇ ನಂಬರಿನ ಪಿನ್ನಿಗೆ, 87ನೇ ಪಿನ್ನಿನಿಂದ ಬ್ಯಾಲಾಸ್ಟಿಗೆ. ಕಂಪನಿಯ ಹೆಡ್‌ಲೈಟ್ ವಯರು 85 ಮತ್ತು 86ಕ್ಕೆ. ರಿಲೇ ಎಳೆಯುವುದು ಸುಮಾರು 0.15 ಆಂಪಿಯರ್ ಅಷ್ಟೇ, ಹಾಗಾಗಿ ಹಳೆಯ ವಯರಿಗೆ ಭಾರ ಇಲ್ಲ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಒಂದು ಗೇಣಿನ ಒಳಗೆ. ಎರಡೂ ಲೈಟಿಗೆ ಒಂದೇ ರಿಲೇ, ಒಂದೇ ಫ್ಯೂಸ್ ಇರುವ ಹಾರ್ನೆಸ್ ಅಗ್ಗಕ್ಕೆ ಸಿಗುತ್ತದೆ, ಆದರೆ ನಾನು ಅದನ್ನು ಹಾಕುವುದಿಲ್ಲ. ಅರಬೈಲು ಘಟ್ಟದ ತಿರುವಿನಲ್ಲಿ ಒಂದು ಫ್ಯೂಸ್ ಹೋಗಿ ಎರಡೂ ಕಣ್ಣು ಒಮ್ಮೆಗೇ ಮುಚ್ಚಿದರೆ ಏನು ಗತಿ? ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಹಾಕಿ.

ಹೊಸ ಗಾಡಿಗಳಲ್ಲಿ ಇನ್ನೊಂದು ತೊಡಕು ಇದೆ. ಅವುಗಳ ಕಂಪ್ಯೂಟರ್ ಬಲ್ಬಿಗೆ ಕರೆಂಟನ್ನು ತುಂಡು ತುಂಡಾಗಿ ಕಳಿಸುತ್ತದೆ, ಬಲ್ಬು ಇದೆಯೋ ಇಲ್ಲವೋ ಅಂತ ಆಗಾಗ ತಟ್ಟಿ ನೋಡುತ್ತದೆ. ಹ್ಯಾಲೊಜನ್ನಿಗೆ ಇದು ಗೊತ್ತೇ ಆಗುವುದಿಲ್ಲ. ಬ್ಯಾಲಾಸ್ಟ್ ಮಾತ್ರ ಹತ್ತುತ್ತಾ ಆರುತ್ತಾ ಹಾಳಾಗುತ್ತದೆ, ರಿಲೇ ಹಾಕಿದರೆ ಅದು ಗುಯ್ ಅನ್ನುತ್ತದೆ. ಎಂಜಿನ್ ಓಡುತ್ತಿದ್ದು ಬ್ಯಾಟರಿಯಲ್ಲಿ 14 ಇರುವಾಗ, ಲೋಡ್ ಇಲ್ಲದೆಯೂ ಪ್ಲಗ್ಗಿನಲ್ಲಿ ಅದಕ್ಕಿಂತ ತುಂಬಾ ಕಡಿಮೆ, ಸ್ಥಿರವಾಗಿ ಬರುತ್ತಿದ್ದರೆ ಇದೇ ಇರಬಹುದು. ಅಂಥ ಗಾಡಿಗೆ ಕೆಪಾಸಿಟರ್ ಇರುವ ಹಾರ್ನೆಸ್ ಬೇಕು.

ಬ್ಯಾಲಾಸ್ಟನ್ನು ಕೂರಿಸುವಾಗ ಪ್ಲಗ್ಗಿನ ಬಾಯಿ ಕೆಳಕ್ಕಿರಲಿ. ವಯರು ಬ್ಯಾಲಾಸ್ಟಿಗೆ ಸೇರುವ ಮೊದಲು ಸ್ವಲ್ಪ ಕೆಳಗಿಳಿದು ಮೇಲೇರಲಿ, ಆಗ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಲ್ಬಿಗೆ ಹೋಗುವ ದಪ್ಪ ವಯರನ್ನು ಉದ್ದ ಮಾಡಬೇಡಿ. ಲೈಟ್ ಹಾಕಿದ ಕೂಡಲೇ ಕಾರವಾರ ಆಕಾಶವಾಣಿಯಲ್ಲಿ ಗರಗರ ಶುರುವಾದರೆ ಆ ವಯರಿನ ಜಾಲರಿ ಕವಚ ಕಳಚಿದೆಯಾ, ಬ್ಯಾಲಾಸ್ಟಿನ ಲೋಹದ ಮೈ ಬಾಡಿಗೆ ತಾಗಿ ಬಿಗಿದಿದೆಯಾ ನೋಡಿ. ಹಿಂದಿನ ಮುಚ್ಚಳದ ರಬ್ಬರನ್ನು ಮರೆಯಬೇಡಿ. ಅದು ಸರಿ ಇದ್ದಿದ್ದರೆ ಭಾವನ ಮೂಲ ಬ್ಯಾಲಾಸ್ಟ್ ಈಗಲೂ ಬದುಕಿರುತ್ತಿತ್ತು.

ಹ್ಯಾಲೊಜನ್ ರಿಫ್ಲೆಕ್ಟರಿಗೆ ಝೆನಾನ್ ಬಲ್ಬು, ಬ್ಯಾಲಾಸ್ಟಿನ ಕಿಟ್ ಹಾಕಬಹುದಾ ಅಂತ ಕೇಳುವವರಿಗೆ: ಬೇಡ. ಡಿ2ಎಸ್ ಬಲ್ಬು ಸುಮಾರು 3200 ಲ್ಯೂಮೆನ್ ಕೊಡುತ್ತದೆ, ಹ್ಯಾಲೊಜನ್ನಿನ ಎಚ್4 ಬಲ್ಬಿನ ಲೋ ಬೀಮ್ ಸುಮಾರು 1000. ಹ್ಯಾಲೊಜನ್ನಿಗೆ ಅಳೆದು ಮಾಡಿದ ರಿಫ್ಲೆಕ್ಟರಿನಲ್ಲಿ ಮೂರು ಪಟ್ಟು ಬೆಳಕು ದಿಕ್ಕು ತಪ್ಪಿ ಚೆಲ್ಲಿದರೆ, ದೇವಿಮನೆಯ ತಿರುವಿನಲ್ಲಿ ಎದುರು ಬರುವ ಲಾರಿಯವನಿಗೆ ರಸ್ತೆಯೇ ಕಾಣುವುದಿಲ್ಲ. ಅವನಿಗೆ ಕಾಣದಿದ್ದರೆ ಅಪಾಯ ನಮಗೇ. ಕಂಪನಿಯ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಅಡ್ಡ ಬರುತ್ತದೆ. ಪ್ರೊಜೆಕ್ಟರ್ ಇದ್ದ ಗಾಡಿಯಲ್ಲೂ ಕೆಲಸ ಮುಗಿದ ಮೇಲೆ ಗೋಡೆಗೆ ಬೆಳಕು ಬಿಟ್ಟು, ಎರಡೂ ಬದಿಯ ಗೆರೆ ಒಂದೇ ಎತ್ತರಕ್ಕೆ ಬರುವ ಹಾಗೆ ಸ್ಕ್ರೂ ತಿರುಗಿಸಿಕೊಳ್ಳಿ. ಬಿಚ್ಚುವ ಮೊದಲೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರೆ ಈ ಕೆಲಸ ಐದು ನಿಮಿಷದ್ದು.

ಭಾವ ಆ ಮಳೆಗಾಲ ಪೂರ್ತಿ ಶಿರಸಿ–ಕಾರವಾರ ಓಡಾಡಿದ. ಒಮ್ಮೆಯೂ ಲೈಟ್ ಆರಲಿಲ್ಲ. ದೀಪಾವಳಿಗೆ ಮನೆಗೆ ಬಂದಾಗ ಬಂಪರ್ ಬಿಚ್ಚಿ ಬೋಲ್ಟು ನೋಡಿದೆವು, ವ್ಯಾಸಲೀನಿಗೆ ಧೂಳು ಮೆತ್ತಿಕೊಂಡಿತ್ತು, ಕೆಳಗಿನ ಲೋಹ ಬೆಳ್ಳಗೇ ಇತ್ತು. ಅಳತೆ 0.06. ಎಡಗಡೆಯ ಬೋಲ್ಟಿನಲ್ಲಿ 0.4 ಬಂತು, ಅದನ್ನೂ ಆವತ್ತೇ ಬಿಚ್ಚಿದೆವು.